ಕೊಂದ ಪಾಪ ತಿಂದರೆ ಹೋಗುತ್ತದೆಯೇ? ಮಾಂಸಾಹಾರದ ಬಗ್ಗೆ ಧರ್ಮಗಳು ನಿಜಕ್ಕೂ ಹೇಳುವುದೇನು?

ಪ್ರಶ್ನಾರ್ಥಕ

ನನ್ನ ಹತ್ತು ವರ್ಷದ ಮಗ ಕಳೆದ ಭಾನುವಾರ ಊಟಕ್ಕೆ ಕುಳಿತವನು ತಟ್ಟೆಯನ್ನು ಆಚೆ ಸರಿಸಿ, "ಅಮ್ಮಾ, ಪಾಪ ಬರುವುದು ಇದನ್ನು ಕೊಂದವರಿಗೋ, ತಿನ್ನುವ ನಮಗೋ?" ಎಂದು ಕೇಳಿದ. ಹಿಂದಿನ ದಿನ ತಂದೆಯ ಜೊತೆ ಅಂಗಡಿಗೆ ಹೋಗಿದ್ದಾಗ, ಕತ್ತು ಬೇರೆಯಾದ ಮೇಲೂ ಕೋಳಿಯ ಕಾಲ್ಬೆರಳುಗಳು ಮಡಿಚಿ ಬಿಚ್ಚಿಕೊಳ್ಳುತ್ತಿದ್ದುದನ್ನು ಅವನು ಕಣ್ಣಾರೆ ನೋಡಿದ್ದನಂತೆ. ಅಜ್ಜಿ ಪಕ್ಕದಲ್ಲೇ ಇದ್ದರು. "ಕೊಂದ ಪಾಪ ತಿಂದರೆ ಹೋಯಿತು, ಸುಮ್ಮನೆ ಉಣ್ಣು" ಎಂದರು. ಅವನು ಉಣ್ಣಲಿಲ್ಲ.

ನನ್ನ ತವರಿನಲ್ಲಿ ಮಾಂಸ ಬಳಸುವುದಿಲ್ಲ, ಗಂಡನ ಮನೆಯಲ್ಲಿ ಬಳಸುತ್ತಾರೆ. ಮದುವೆಯಾದ ಮೇಲೆ ನಾನು ತಿನ್ನದಿದ್ದರೂ ಬೇಯಿಸುವುದನ್ನು ಕಲಿತೆ. ಎರಡೂ ಕಡೆಯವರು ಧರ್ಮದ ಹೆಸರನ್ನೇ ಹೇಳುತ್ತಾರೆ. ಆರೋಗ್ಯದ ವಿಷಯವನ್ನೋ ಪರಿಸರದ ವಿಷಯವನ್ನೋ ನಾನು ಇಲ್ಲಿ ಕೇಳುತ್ತಿಲ್ಲ. ಮಗನ ಪ್ರಶ್ನೆಗೆ ಬೇರೆ ಬೇರೆ ಧರ್ಮಗಳ ಗ್ರಂಥಗಳು ಏನು ಉತ್ತರ ಕೊಡುತ್ತವೆ ಎಂಬುದನ್ನು ಓದಿ ತಿಳಿದವರು ದಯವಿಟ್ಟು ಹೇಳಿ.

ಗಮಕಿ

ನಿಮ್ಮ ಮಗ ಕೇಳಿದ ಪ್ರಶ್ನೆಯನ್ನು ಮನುಸ್ಮೃತಿಯ 5ನೆಯ ಅಧ್ಯಾಯ ನೇರವಾಗಿಯೇ ಎತ್ತಿಕೊಂಡಿದೆ. ಅದರ 51ನೆಯ ಶ್ಲೋಕವು ಕೊಲ್ಲಲು ಒಪ್ಪಿಗೆ ಕೊಟ್ಟವನು, ಕಡಿದು ಭಾಗ ಮಾಡಿದವನು, ಕೊಂದವನು, ಕೊಂಡುಕೊಂಡವನು, ಮಾರಿದವನು, ಬೇಯಿಸಿದವನು, ಬಡಿಸಿದವನು, ತಿಂದವನು ಎಂದು ಎಂಟು ಜನರನ್ನು ಸಾಲಾಗಿ ನಿಲ್ಲಿಸಿ ಅವರೆಲ್ಲರನ್ನೂ ಘಾತಕರೆಂದೇ ಕರೆಯುತ್ತದೆ. ಆದರೆ ಅದೇ ಅಧ್ಯಾಯವು ಯಜ್ಞಕ್ಕಾಗಿ ಮಾಡಿದ ವಧೆಯು ವಧೆಯಲ್ಲವೆಂದೂ ಹೇಳುತ್ತದೆ. 56ನೆಯ ಶ್ಲೋಕಕ್ಕೆ ಬರುವ ಹೊತ್ತಿಗೆ ಮಾಂಸ ತಿನ್ನುವುದರಲ್ಲಿ ದೋಷವಿಲ್ಲ, ಅದು ಜೀವಿಗಳ ಸಹಜ ಪ್ರವೃತ್ತಿ, ಆದರೆ ಅದರಿಂದ ಹಿಂದೆ ಸರಿದವರಿಗೆ ಮಹಾಫಲವುಂಟು ಎಂಬ ಮಾತು ಬರುತ್ತದೆ. ಬೇರೆ ಬೇರೆ ಕಾಲದ, ಬೇರೆ ಬೇರೆ ಮನಸ್ಸುಗಳ ವಾದಗಳು ಅಲ್ಲಿ ಒಟ್ಟಿಗೆ ಸೇರಿಕೊಂಡಿವೆ ಎಂದು ನಾನು ಓದಿಕೊಂಡಿದ್ದೇನೆ. ಆದ್ದರಿಂದ ಒಂದು ಶ್ಲೋಕವನ್ನು ಹಿಡಿದು "ಹಿಂದೂ ಧರ್ಮ ಹೀಗೆ ಹೇಳುತ್ತದೆ" ಎನ್ನುವವರನ್ನು ಅದು ಯಾವ ಶ್ಲೋಕ, ಮುಂದಿನ ಶ್ಲೋಕ ಏನು ಹೇಳುತ್ತದೆ ಎಂದು ಕೇಳಬೇಕು.

ಪ್ರಶ್ನಾರ್ಥಕ

ಆ ಎಂಟರಲ್ಲಿ ಎರಡು ಕಡೆ ನಾನಿದ್ದೇನೆ, ಗಮಕಿ ಅವರೇ. ಬೇಯಿಸಿದವಳೂ ನಾನೇ, ಬಡಿಸಿದವಳೂ ನಾನೇ.

ತರ್ಕ

ತಾಯಿ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಯಜ್ಞದಲ್ಲಿ ಕೊಂದರೆ ಕೊಲೆಯಲ್ಲ, ಮನೆಯಲ್ಲಿ ಬೇಯಿಸಿದರೆ ಕೊಲೆ ಎನ್ನುವ ಗ್ರಂಥವನ್ನು ದಯೆಯ ವಿಷಯದಲ್ಲಿ ಪ್ರಮಾಣವೆಂದು ನಾನು ಒಪ್ಪುವುದಿಲ್ಲ. ಪ್ರಾಣಿಗೆ ಆಗುವ ನೋವು ಎರಡು ಕಡೆಯೂ ಒಂದೇ.

ಶ್ರಮಣ

ತರ್ಕ ಅವರ ಮಾತನ್ನೇ ಜೈನ ಆಚಾರ್ಯರು ಬಹಳ ಹಿಂದೆ ಹೇಳಿದ್ದರು, ದೇವರ ಹೆಸರಿನಲ್ಲಿ ಮಾಡಿದರೂ ಹಿಂಸೆ ಹಿಂಸೆಯೇ. ಜೈನ ಶಾಸ್ತ್ರದ ಪ್ರಕಾರ ಕರ್ಮವು ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳಿಂದ ಬಂದು ಅಂಟುತ್ತದೆ. ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದನ್ನು ಸರಿಯೆಂದು ಒಪ್ಪಿದ್ದು ಎಂದು ಅರ್ಥ. ಈ ಮೂರೂ ಮನಸ್ಸು, ಮಾತು, ದೇಹಗಳ ಮೂಲಕ ನಡೆಯಬಹುದು. ಹಾಗಾಗಿ ಕೊಂದವನೋ ತಿಂದವನೋ ಎಂಬ ಆಯ್ಕೆಯೇ ಜೈನರಿಗೆ ಇಲ್ಲ.

ಇದನ್ನು ಕನ್ನಡದಲ್ಲಿ ಜನ್ನನು 1209ರಲ್ಲಿ ಬರೆದ ಯಶೋಧರ ಚರಿತೆಯಷ್ಟು ತೀವ್ರವಾಗಿ ಹೇಳಿದ ಕೃತಿಯನ್ನು ನಾನು ಓದಿಲ್ಲ. ರಾಜ ಯಶೋಧರನಿಗೆ ಬಲಿ ಕೊಡಲು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಜೀವವನ್ನು ಕೊಲ್ಲಲಾರೆ ಎಂದು ಅವನು ಹಟ ಹಿಡಿಯುತ್ತಾನೆ. ತಾಯಿಯ ಮನಸ್ಸನ್ನು ನೋಯಿಸಬಾರದೆಂದು ಕೊನೆಗೆ ಹಿಟ್ಟಿನ ಕೋಳಿಗೆ ಒಪ್ಪಿಕೊಳ್ಳುತ್ತಾನೆ. ಕತ್ತಿ ತಾಗಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ! ಒಂದು ಹನಿ ನೆತ್ತರೂ ಹರಿಯದ ಆ ಬಲಿಗಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ, ಒಬ್ಬರ ಕಣ್ಣೆದುರು ಒಬ್ಬರು ಸಾಯುತ್ತಾ ಹೋಗುತ್ತಾರೆ. ಇದಕ್ಕೆ ಸಂಕಲ್ಪಹಿಂಸೆ ಎಂದು ಹೆಸರು. ಹಿಟ್ಟನ್ನು ಕತ್ತರಿಸಿದ ಕೈ ಕೊಲ್ಲಲಿಲ್ಲ, ಆದರೆ ಇದು ಕೋಳಿಯೆಂದು ಭಾವಿಸಿ ಕತ್ತಿಯನ್ನೆತ್ತಿದ ಮನಸ್ಸು ಕೊಂದಿತ್ತು.

ಬಿಡಿಮುತ್ತು

ಶ್ರಮಣ ಅವರೇ, ಇಲ್ಲಿ ನನಗೊಂದು ತೊಡಕು ಕಾಣುತ್ತದೆ. ವೈದಿಕ ಪರಂಪರೆಯಲ್ಲೇ ಮಧ್ವಾಚಾರ್ಯರ ಅನುಯಾಯಿಗಳು ಯಜ್ಞದಲ್ಲಿ ಜೀವಂತ ಪಶುವಿನ ಬದಲು ಹಿಟ್ಟಿನ ಪಶುವನ್ನು, ಅಂದರೆ ಪಿಷ್ಟಪಶುವನ್ನು ಬಳಸಿದರು. ಅದನ್ನು ಅಹಿಂಸೆಯ ಕಡೆಗಿನ ದೊಡ್ಡ ಹೆಜ್ಜೆಯೆಂದು ನಾವೆಲ್ಲ ಗೌರವಿಸುತ್ತೇವೆ. ಒಂದು ಪರಂಪರೆಗೆ ಬಿಡುಗಡೆಯಾಗಿ ಕಂಡ ಹಿಟ್ಟು ಇನ್ನೊಂದಕ್ಕೆ ಪಾಪವಾಗಿ ಕಂಡದ್ದು ಹೇಗೆ?

ಮಹಾಭಾರತದ ಶಾಂತಿಪರ್ವದಲ್ಲಿ ಉಪರಿಚರ ವಸುವಿನ ಕಥೆಯಿದೆ. 'ಅಜ'ದಿಂದ ಯಾಗ ಮಾಡಬೇಕು ಎಂಬಲ್ಲಿ ಅಜವೆಂದರೆ ಆಡು ಎಂದು ದೇವತೆಗಳೂ, ಧಾನ್ಯದ ಬೀಜ ಎಂದು ಋಷಿಗಳೂ ವಾದಿಸುತ್ತಾರೆ. ತೀರ್ಪು ಹೇಳಲು ಬಂದ ವಸು ದೇವತೆಗಳ ಪಕ್ಷ ಹಿಡಿದು ಆಡು ಎಂದದ್ದಕ್ಕೆ ಆಕಾಶದಿಂದ ಕೆಳಗೆ ಬೀಳುತ್ತಾನೆ. ಅಂದರೆ ಈ ಜಗಳ ವೈದಿಕರ ಒಳಗೇ ಇತ್ತು, ಜೈನರೋ ಬೌದ್ಧರೋ ಹೊರಗಿನಿಂದ ತಂದದ್ದು ಮಾತ್ರವಲ್ಲ.

ಶ್ರಮಣ

ಒಳ್ಳೆಯ ಪ್ರಶ್ನೆ. ಕೊಲ್ಲುವುದನ್ನು ಬಿಡಲೆಂದು ಹಿಟ್ಟನ್ನು ಹಿಡಿದವನಿಗೂ, ಕೊಂದ ಫಲ ಬೇಕೆಂದು ಹಿಟ್ಟನ್ನು ಹಿಡಿದವನಿಗೂ ವ್ಯತ್ಯಾಸವಿದೆ ಎಂದು ನಾನು ತಿಳಿದಿದ್ದೇನೆ. ಯಶೋಧರನು ಎರಡನೆಯವನು. ಆದರೂ ಕರುಣೆಯಿದ್ದವನಿಗೇ ಅಷ್ಟು ಕಠಿಣ ಶಿಕ್ಷೆಯಾಯಿತಲ್ಲ ಎಂದು ಪ್ರತಿ ಓದಿನಲ್ಲೂ ನನಗೆ ಸಂಕಟವಾಗುತ್ತದೆ.

ತಥಾ

ಬುದ್ಧನ ಉತ್ತರ ಇವೆರಡಕ್ಕೂ ಬೇರೆಯಾದದ್ದು. ಬುದ್ಧ ಕಟ್ಟಾ ಸಸ್ಯಾಹಾರಿ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ, ಪಾಲಿ ಗ್ರಂಥಗಳು ಹಾಗೆ ಹೇಳುವುದಿಲ್ಲ. ಮಜ್ಝಿಮ ನಿಕಾಯ ಎಂಬ ಉಪದೇಶ ಸಂಗ್ರಹದ ಜೀವಕ ಸುತ್ತದಲ್ಲಿ (ಸೂತ್ರದಲ್ಲಿ) ವೈದ್ಯ ಜೀವಕನು ಈ ವಿಷಯವನ್ನೇ ಕೇಳುತ್ತಾನೆ. ತನಗಾಗಿಯೇ ಕೊಂದದ್ದೆಂದು ಭಿಕ್ಷುವು ನೋಡಿದ್ದರೆ, ಕೇಳಿದ್ದರೆ ಅಥವಾ ಅನುಮಾನ ಪಟ್ಟಿದ್ದರೆ ಆ ಮಾಂಸವನ್ನು ಸ್ವೀಕರಿಸಬಾರದು, ಈ ಮೂರೂ ಇಲ್ಲದಿದ್ದರೆ ಸ್ವೀಕರಿಸಬಹುದು ಎಂದು ಬುದ್ಧ ಹೇಳುತ್ತಾನೆ. ಭಿಕ್ಷಾಪಾತ್ರೆಗೆ ಬಿದ್ದದ್ದನ್ನು ಇದು ಬೇಕು, ಇದು ಬೇಡ ಎಂದು ಆರಿಸಬಾರದೆಂಬುದು ಭಿಕ್ಷುವಿನ ಶಿಸ್ತು. ಮೀನು ಮಾಂಸವನ್ನು ಸಂಘದಲ್ಲಿ ಪೂರ್ತಿ ನಿಷೇಧಿಸಬೇಕೆಂದು ದೇವದತ್ತನು ಪಟ್ಟು ಹಿಡಿದಾಗ ಬುದ್ಧ ಅದನ್ನು ಒಪ್ಪಲಿಲ್ಲ. ಆದರೆ ಉಪಾಸಕರು, ಅಂದರೆ ಗೃಹಸ್ಥ ಅನುಯಾಯಿಗಳು, ಮಾಡಬಾರದ ಐದು ವ್ಯಾಪಾರಗಳಲ್ಲಿ ಮಾಂಸದ ವ್ಯಾಪಾರವೂ ಸೇರಿದೆ.

ಬೌದ್ಧ ಧರ್ಮದ ನಂತರದ ಶಾಖೆಯಾದ ಮಹಾಯಾನದಲ್ಲಿ ಚಿತ್ರ ಬದಲಾಯಿತು. ಲಂಕಾವತಾರ ಸೂತ್ರದ ಒಂದು ಅಧ್ಯಾಯ ಪೂರ್ತಿಯಾಗಿ ಮಾಂಸಾಹಾರದ ವಿರುದ್ಧವಿದೆ. ಸಂಸಾರದಲ್ಲಿ ಸುತ್ತುವ ಪ್ರತಿಯೊಂದು ಜೀವಿಯೂ ಯಾವುದೋ ಜನ್ಮದಲ್ಲಿ ನಮ್ಮ ತಾಯಿಯೋ ತಂದೆಯೋ ಆಗಿತ್ತು ಎಂಬುದು ಅಲ್ಲಿನ ಮುಖ್ಯ ವಾದ. ಚೀನಾದ ಲಿಯಾಂಗ್ ವಂಶದ ಚಕ್ರವರ್ತಿ ವು 6ನೆಯ ಶತಮಾನದಲ್ಲಿ ಭಿಕ್ಷುಗಳಿಗೆ ಮಾಂಸವನ್ನು ನಿಷೇಧಿಸಿದನು. ಜಪಾನಿನಲ್ಲಿ ತದ್ವಿರುದ್ಧವಾಗಿ ಮೇಜಿ ಸರ್ಕಾರವು 1872ರಲ್ಲಿ ಭಿಕ್ಷುಗಳು ಮಾಂಸ ತಿನ್ನುವುದೂ ಮದುವೆಯಾಗುವುದೂ ಅವರವರ ಇಷ್ಟವೆಂದು ಆಜ್ಞೆ ಹೊರಡಿಸಿತು.

ತರ್ಕ

ತಥಾ ಅವರೇ, "ನನಗಾಗಿ ಕೊಂದದ್ದಲ್ಲ" ಎಂಬ ಮಾತು ಭಿಕ್ಷುವಿಗೆ ಒಪ್ಪುತ್ತದೆ. ಮಿಕ್ಕ ಅಡುಗೆಯಲ್ಲಿ ಒಂದು ಹಿಡಿ ಪಡೆಯುವವನಿಗಾಗಿ ಯಾರೂ ಪ್ರಾಣಿಯನ್ನು ಕೊಲ್ಲುವುದಿಲ್ಲ. ಹಣ ಕೊಟ್ಟು ಕೊಳ್ಳುವ ನಾವು ಅದೇ ಮಾತನ್ನು ಹೇಳಿದರೆ ಅದು ನಿಲ್ಲುತ್ತದೆಯೇ? ಮಾರುವವನು ಕೊಲ್ಲುವುದು ಕೊಳ್ಳುವವನಿಗಾಗಿಯೇ. ಆ ಕೋಳಿಯ ಮೇಲೆ ನನ್ನ ಹೆಸರು ಬರೆದಿಲ್ಲ ಎಂದಮಾತ್ರಕ್ಕೆ ಅದು ನನಗಾಗಿ ಸತ್ತಿಲ್ಲ ಎನ್ನಲಾಗದು.

ತಥಾ

ಒಪ್ಪುತ್ತೇನೆ. ಗೃಹಸ್ಥರು ಭಿಕ್ಷುವಿನ ನಿಯಮವನ್ನು ಗುರಾಣಿಯಂತೆ ಬಳಸಬಾರದು. ಮಹಾಯಾನ ಆಚಾರ್ಯರೂ ಈ ಆಕ್ಷೇಪವನ್ನೇ ಎತ್ತಿದ್ದರು: ತಿನ್ನುವವರಿಲ್ಲದಿದ್ದರೆ ಕೊಲ್ಲುವವರೂ ಇರುವುದಿಲ್ಲ.

ನೂರ್

ಇಸ್ಲಾಮಿನ ದೃಷ್ಟಿಯನ್ನು ಹೇಳುತ್ತೇನೆ. ಮಾಂಸವು ಅನುಮತಿಸಲ್ಪಟ್ಟದ್ದು, ಕಡ್ಡಾಯವಾದದ್ದಲ್ಲ. ತಿನ್ನದ ಮುಸ್ಲಿಮನಿಗೆ ಪಾಪವಿಲ್ಲ. ಆದರೆ ಅಲ್ಲಾಹನು ಹಲಾಲ್ ಮಾಡಿದ್ದನ್ನು ಹರಾಮ್ ಎಂದು ಸಾರುವ ಅಧಿಕಾರ ಅವನಿಗಿಲ್ಲ. ಸತ್ತುಬಿದ್ದ ಪ್ರಾಣಿ, ಹರಿಯುವ ರಕ್ತ, ಹಂದಿ ಮಾಂಸ, ಅಲ್ಲಾಹನಲ್ಲದವರ ಹೆಸರಿನಲ್ಲಿ ವಧಿಸಿದ್ದು, ಇವು ನಿಷಿದ್ಧ. ಹಸಿವಿನಿಂದ ಪ್ರಾಣ ಹೋಗುವ ಸ್ಥಿತಿ ಬಂದರೆ ಅವುಗಳಿಗೂ ವಿನಾಯಿತಿಯಿದೆ.

ನಿಮ್ಮ ಮಗನಿಗೆ ಕುರ್‌ಆನಿನ 22ನೆಯ ಅಧ್ಯಾಯದ 37ನೆಯ ವಚನವನ್ನು ಹೇಳಿ: ಬಲಿಯ ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನನ್ನು ತಲುಪುವುದಿಲ್ಲ, ಅವನನ್ನು ತಲುಪುವುದು ನಿಮ್ಮ ದೇವಭಕ್ತಿ ಮಾತ್ರ. ಜೀವ ತೆಗೆಯುವ ಹಕ್ಕು ಮನುಷ್ಯನ ಸ್ವಂತದ್ದಲ್ಲವೆಂಬ ಎಚ್ಚರಕ್ಕಾಗಿಯೇ ಜೀವ ಕೊಟ್ಟವನ ಹೆಸರನ್ನು ಹೇಳಿ ವಧಿಸಬೇಕೆಂಬ ನಿಯಮ ಬಂದಿದೆ ಎಂದು ನನಗೆ ಕಲಿಸಿದವರು ಹೇಳುತ್ತಿದ್ದರು. ಸಹೀಹ್ ಮುಸ್ಲಿಮ್ ಎಂಬ ಸಂಗ್ರಹದಲ್ಲಿರುವ ಹದೀಸೊಂದು, ಅಂದರೆ ಪ್ರವಾದಿಯವರ ಮಾತೊಂದು, ವಧಿಸುವಾಗಲೂ ಒಳ್ಳೆಯ ರೀತಿಯಲ್ಲಿ ವಧಿಸಿ, ಕತ್ತಿಯನ್ನು ಹರಿತ ಮಾಡಿಕೊಳ್ಳಿ, ಪ್ರಾಣಿಗೆ ಸಂಕಟವಾಗದಂತೆ ನೋಡಿಕೊಳ್ಳಿ ಎಂದು ಹೇಳುತ್ತದೆ.

ಕತ್ತಿ_ಕೆಳಗಿಟ್ಟವ

ನಾನು ಇಲ್ಲಿ ಓದುತ್ತೇನೆಯೇ ಹೊರತು ಬರೆಯುವುದಿಲ್ಲ. ನೂರ್ ಅವರು ಹೇಳಿದ ಹದೀಸನ್ನು ನೋಡಿ ಬರೆಯಬೇಕೆನಿಸಿತು. ಹದಿನೆಂಟು ವರ್ಷ ಈ ಕೆಲಸ ಮಾಡಿದ್ದೇನೆ. ನನಗೆ ಕಲಿಸಿದವರು ನನ್ನ ತಂದೆ. ಮೊದಲ ಪಾಠವೇ ಕತ್ತಿಯನ್ನು ಬೆನ್ನ ಹಿಂದೆ ಹಿಡಿಯುವುದು. ಪ್ರಾಣಿಯ ಮುಂದೆ ಮಸೆಯಬಾರದು, ಒಂದರ ಮುಂದೆ ಇನ್ನೊಂದನ್ನು ಕುಯ್ಯಬಾರದು, ನೀರು ಕುಡಿಸದೆ ಮಲಗಿಸಬಾರದು. ಅದರ ಕುತ್ತಿಗೆಯ ಮೇಲೆ ಅಂಗೈ ಇಟ್ಟು ಉಸಿರು ನಿಧಾನವಾಗುವವರೆಗೆ ಕಾಯಬೇಕು, ಆಮೇಲೆ ಹೆಸರು ಹೇಳಿ ಒಂದೇ ಎಳೆತ. ಅಂಗೈಗೆ ಆ ನಾಡಿ ತಿಳಿಯುತ್ತದೆ. ಅದು ನಿಲ್ಲುವುದೂ ತಿಳಿಯುತ್ತದೆ.

ಕೊಳ್ಳಲು ಬರುವವರಲ್ಲಿ ಬಹಳ ಜನ ಆ ಹೊತ್ತಿಗೆ ಆಚೆ ತಿರುಗಿ ನಿಲ್ಲುತ್ತಿದ್ದರು. ಆಮೇಲೆ ಅವರಲ್ಲೇ ಕೆಲವರು ನನ್ನ ಕೈಯಿಂದ ಚಿಲ್ಲರೆ ತೆಗೆದುಕೊಳ್ಳಲು ಹಿಂಜರಿಯುತ್ತಿದ್ದರು, ಮಾಂಸವನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು. ಪಾಪವನ್ನು ನನ್ನ ಬಳಿ ಬಿಟ್ಟು ಊಟವನ್ನು ಒಯ್ದರು ಎಂದು ನನಗೆ ಅನ್ನಿಸುತ್ತಿತ್ತು. ಆ ಹುಡುಗ ಕೇಳಿದ ಪ್ರಶ್ನೆಯನ್ನು ನನ್ನ ಹದಿನೆಂಟು ವರ್ಷದಲ್ಲಿ ದೊಡ್ಡವರು ಯಾರೂ ಕೇಳಲಿಲ್ಲ. ಆ ಕೆಲಸ ಬಿಟ್ಟದ್ದು ಧರ್ಮದ ಕಾರಣಕ್ಕಲ್ಲ, ಭುಜದ ನೋವಿಗೆ.

ಗಮಕಿ

ಅಣ್ಣಾ, ನಿಮ್ಮ ಮಾತನ್ನು ಎರಡು ಸಲ ಓದಿದೆ. ನಿಮ್ಮದೇ ವೃತ್ತಿಯವನೊಬ್ಬ ಮಹಾಭಾರತದಲ್ಲಿ ಬ್ರಾಹ್ಮಣನಿಗೆ ಗುರುವಾಗಿದ್ದಾನೆ. ವನಪರ್ವದ ಧರ್ಮವ್ಯಾಧ ಮಿಥಿಲೆಯಲ್ಲಿ ಮಾಂಸ ಮಾರುವವನು. ತಪಸ್ವಿ ಕೌಶಿಕ ಧರ್ಮವನ್ನು ತಿಳಿಯಲು ಅವನ ಅಂಗಡಿಯ ಮುಂದೆ ಬಂದು ನಿಲ್ಲುತ್ತಾನೆ. ವ್ಯಾಧ ತನ್ನ ಕೆಲಸವನ್ನು ಮುಚ್ಚಿಡುವುದಿಲ್ಲ, ಅದು ಘೋರವೆಂದೂ ಒಪ್ಪಿಕೊಳ್ಳುತ್ತಾನೆ. ಬೇರೆಯವರು ಕೊಂದದ್ದನ್ನು ಮಾರುತ್ತೇನೆ, ನಾನು ಕೊಲ್ಲುವುದೂ ಇಲ್ಲ, ತಿನ್ನುವುದೂ ಇಲ್ಲ ಎನ್ನುತ್ತಾನೆ. ಮುಂದೆ ಅವನು ಹೇಳುವುದು ಇಡೀ ಚರ್ಚೆಯನ್ನೇ ಅಲುಗಾಡಿಸುತ್ತದೆ. ನೇಗಿಲು ನೆಲವನ್ನು ಸೀಳುವಾಗ ಎಷ್ಟೋ ಜೀವಿಗಳು ಸಾಯುತ್ತವೆ, ಧಾನ್ಯದ ಕಾಳುಗಳಲ್ಲೂ ಜೀವವಿದೆ, ನಡೆಯುವ ಕಾಲಡಿಯಲ್ಲೂ ಸಾವಿದೆ, ಈ ಲೋಕದಲ್ಲಿ ಹಿಂಸೆಯಿಲ್ಲದೆ ಬದುಕುವವನು ಯಾರು ಎಂದು ಅವನು ಕೇಳುತ್ತಾನೆ.

ಬಿಡಿಮುತ್ತು

ಆ ಮಾತನ್ನು ಹಿಡಿದು "ಹೇಗಿದ್ದರೂ ಹಿಂಸೆ ತಪ್ಪಿದ್ದಲ್ಲ, ಹಾಗಾಗಿ ಏನು ತಿಂದರೂ ಒಂದೇ" ಎಂದು ವಾದಿಸುವವರನ್ನು ನೋಡಿದ್ದೇನೆ. ವ್ಯಾಧನು ಹಾಗೆ ಹೇಳಲಿಲ್ಲ. ಯತ್ನಪಟ್ಟರೆ ಹಿಂಸೆಯನ್ನು ಕಡಿಮೆ ಮಾಡಬಹುದೆಂದೂ ಅವನು ಹೇಳುತ್ತಾನೆ.

ವಚನಪ್ರಿಯ

ಕತ್ತಿ ಕೆಳಗಿಟ್ಟವರು ಚಿಲ್ಲರೆಯ ವಿಷಯ ಹೇಳಿದ ಮೇಲೆ ಒಂದು ಮಾತನ್ನು ಆಡಲೇಬೇಕು. ಮಡಿ ಬೇರೆ, ದಯೆ ಬೇರೆ. ಪ್ರಾಣಿಗೆ ನೋವಾಗುತ್ತದೆಂದು ಬಿಡುವುದು ದಯೆ. ಮುಟ್ಟಿದರೆ ನಾನು ಕೆಡುತ್ತೇನೆ, ತಿನ್ನುವವನು ನನಗಿಂತ ಕೀಳು ಎಂದು ಬಿಡುವುದು ಮಡಿ. ನಮ್ಮ ಸಮಾಜದಲ್ಲಿ ಎರಡನೆಯದು ಮೊದಲನೆಯದರ ಹೆಸರನ್ನು ಹೊತ್ತು ಓಡಾಡಿದೆ. ಅಂಬೇಡ್ಕರ್ ಅವರು 1948ರಲ್ಲಿ ಪ್ರಕಟಿಸಿದ ಅಸ್ಪೃಶ್ಯತೆಯ ಮೂಲವನ್ನು ಕುರಿತ ಗ್ರಂಥದಲ್ಲಿ, ಬ್ರಾಹ್ಮಣರು ಮಾಂಸ ಬಿಟ್ಟದ್ದು ಬೌದ್ಧರೊಂದಿಗಿನ ಸ್ಪರ್ಧೆಯಲ್ಲಿ ಮೇಲುಗೈ ಪಡೆಯಲಿಕ್ಕಾಗಿ ಎಂದು ವಾದಿಸಿದರು. ಆ ವಾದವನ್ನು ಪೂರ್ತಿ ಒಪ್ಪಲಿ ಬಿಡಲಿ, ತಟ್ಟೆಯನ್ನು ನೋಡಿ ಮನುಷ್ಯನ ಬೆಲೆ ಕಟ್ಟಿದ ಚರಿತ್ರೆಯನ್ನು ಯಾರೂ ಅಲ್ಲಗಳೆಯಲಾರರು.

ಬಸವಣ್ಣನವರ ವಚನ ನೆನಪಾಗುತ್ತದೆ: ಹಬ್ಬಕ್ಕೆ ತಂದ ಹರಕೆಯ ಕುರಿ ತೋರಣಕ್ಕೆ ತಂದ ತಳಿರ ಮೇಯಿತ್ತು. ತನ್ನನ್ನು ಕೊಲ್ಲುತ್ತಾರೆಂದು ತಿಳಿಯದೆ ಆ ಕುರಿ ತನ್ನ ಸಾವಿನ ಅಲಂಕಾರವನ್ನೇ ಮೇಯುತ್ತಿದೆ. ಅದು ಅಂದೇ ಹುಟ್ಟಿತು, ಅಂದೇ ಸತ್ತಿತು ಎಂದ ಮೇಲೆ ಬಸವಣ್ಣನವರು "ಕೊಂದವರುಳಿದರೆ ಕೂಡಲಸಂಗಮದೇವಾ" ಎಂದು ಕೇಳುತ್ತಾರೆ. ಅಜ್ಜಿಯ ಗಾದೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಹಳೆಯ_ಒಡಂಬಡಿಕೆ

ಬೈಬಲ್ಲಿನ ಮೊದಲ ಅಧ್ಯಾಯದಲ್ಲಿ ದೇವರು ಮನುಷ್ಯನಿಗೆ ಆಹಾರವಾಗಿ ಕೊಡುವುದು ಬೀಜವುಳ್ಳ ಪೈರುಗಳನ್ನೂ ಹಣ್ಣಿನ ಮರಗಳನ್ನೂ. ಮಾಂಸದ ಅನುಮತಿ ಸಿಗುವುದು ಜಲಪ್ರಳಯದ ನಂತರ, ನೋಹನಿಗೆ. ಅಲ್ಲಿಯೂ ಒಂದು ಕಟ್ಟಳೆಯಿದೆ: ರಕ್ತವನ್ನು ತಿನ್ನಬಾರದು, ಏಕೆಂದರೆ ರಕ್ತವೇ ಪ್ರಾಣ. ಯೆಹೂದ್ಯರು ಮಾಂಸಕ್ಕೆ ಉಪ್ಪು ಹಚ್ಚಿ ರಕ್ತವನ್ನು ತೆಗೆಯುವುದು ಇದೇ ಕಾರಣಕ್ಕೆ. ಹಾಗಾಗಿ ಮಾಂಸವನ್ನು ಆದರ್ಶವೆನ್ನದೆ, ಮನುಷ್ಯನ ದೌರ್ಬಲ್ಯಕ್ಕೆ ದೇವರು ಕೊಟ್ಟ ರಿಯಾಯಿತಿ ಎಂದು ಓದಿದ ಯೆಹೂದಿ ಪಂಡಿತರೂ ಕ್ರೈಸ್ತ ಸಂನ್ಯಾಸಿಗಳೂ ಇದ್ದಾರೆ. ಸಂತ ಬೆನೆಡಿಕ್ಟರ ನಿಯಮಾವಳಿಯು ರೋಗಿಗಳನ್ನು ಬಿಟ್ಟು ಉಳಿದ ಸಂನ್ಯಾಸಿಗಳಿಗೆ ನಾಲ್ಕು ಕಾಲಿನ ಪ್ರಾಣಿಗಳ ಮಾಂಸವನ್ನು ನಿಷೇಧಿಸುತ್ತದೆ.

ಆದರೆ ನಿಮ್ಮ ಮನೆಯ ಪರಿಸ್ಥಿತಿಗೆ ಕ್ರೈಸ್ತ ಧರ್ಮದ ಆದಿ ಪ್ರಚಾರಕ ಪೌಲನ ಪತ್ರಗಳೇ ಹೆಚ್ಚು ಹತ್ತಿರ ಎಂದು ನನಗೆ ತೋರುತ್ತದೆ. ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು ಎಂದು ರೋಮಾಪುರದವರಿಗೆ ಅವನು ಬರೆಯುತ್ತಾನೆ. ಕೊರಿಂಥದವರಿಗೆ ಬರೆಯುವಾಗ, ನನ್ನ ಊಟದಿಂದ ನನ್ನ ಸಹೋದರನು ಎಡವುವುದಾದರೆ ನಾನು ಎಂದಿಗೂ ಮಾಂಸ ತಿನ್ನುವುದಿಲ್ಲ ಎನ್ನುತ್ತಾನೆ.

ತರ್ಕ

ಪೌಲನ ಚಿಂತೆ ವಿಗ್ರಹಗಳಿಗೆ ಅರ್ಪಿಸಿದ ಮಾಂಸದ ಬಗ್ಗೆ, ಪ್ರಾಣಿಯ ಬಗ್ಗೆ ಅಲ್ಲ. ಅದನ್ನೂ ಹೇಳಬೇಕಿತ್ತು.

ಹಳೆಯ_ಒಡಂಬಡಿಕೆ

ಸರಿ, ಕೊರಿಂಥದ ಪತ್ರದ ಸಂದರ್ಭ ನೀವು ಹೇಳಿದ್ದೇ. ಒಂದೇ ಮನೆಯಲ್ಲಿ ಎರಡು ತಟ್ಟೆಗಳು ಇರುವಾಗ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಆ ಮಾತು ಇಂದಿಗೂ ಸಲ್ಲುತ್ತದೆ ಎಂಬ ಅರ್ಥದಲ್ಲಿ ಬರೆದೆ.

ಲಂಗರು

ಸಿಖ್ಖರಲ್ಲಿ ಈ ವಿಷಯಕ್ಕೆ ಗುರುನಾನಕರ ಮಾತೇ ಇದೆ. ಮಾಂಸ ಮಾಂಸ ಎಂದು ಮೂಢರು ಜಗಳವಾಡುತ್ತಾರೆ, ಯಾವುದು ಮಾಂಸ, ಯಾವುದು ಸೊಪ್ಪು, ಪಾಪ ಇರುವುದು ಯಾವುದರಲ್ಲಿ ಎಂದು ಗುರು ಗ್ರಂಥ ಸಾಹಿಬದ 1289ನೆಯ ಪುಟದಲ್ಲಿ ಅವರು ಕೇಳುತ್ತಾರೆ. 1945ರಲ್ಲಿ ಅಂಗೀಕರಿಸಿದ ರೆಹತ್ ಮರ್ಯಾದಾ ಎಂಬ ಸಿಖ್ಖರ ನಡವಳಿಕೆಯ ಸಂಹಿತೆಯು ಕುಠಾ ಮಾಂಸವನ್ನು, ಅಂದರೆ ಮುಸ್ಲಿಂ ವಿಧಿಯಂತೆ ಕುಯ್ದ ಮಾಂಸವನ್ನು, ಮಾತ್ರ ನಿಷೇಧಿಸಿತು. ಆದರೂ ಗುರುದ್ವಾರದ ಲಂಗರಿನಲ್ಲಿ, ಅಂದರೆ ಎಲ್ಲರಿಗೂ ಉಚಿತವಾಗಿ ಬಡಿಸುವ ಊಟದಲ್ಲಿ, ಮಾಂಸವನ್ನು ಬಡಿಸುವುದಿಲ್ಲ. ಯಾವ ಧರ್ಮದವರು ಬಂದರೂ ಸಂಕೋಚವಿಲ್ಲದೆ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವಂತಿರಬೇಕು.

ಶ್ರಮಣ

ಗುರುನಾನಕರ ಪ್ರಶ್ನೆಗೆ ಗೌರವದಿಂದಲೇ ಭಿನ್ನಾಭಿಪ್ರಾಯ ಹೇಳುತ್ತೇನೆ. ಸೊಪ್ಪಿಗೂ ಮಾಂಸಕ್ಕೂ ವ್ಯತ್ಯಾಸವಿದೆ. ಜೈನರು ಜೀವಿಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ವಿಂಗಡಿಸುತ್ತಾರೆ, ಗಿಡಕ್ಕೆ ಸ್ಪರ್ಶವೊಂದೇ ಇಂದ್ರಿಯ, ಕೋಳಿಗೂ ಕುರಿಗೂ ಐದು. ಗಿಡದ ಜೀವವನ್ನೂ ಲೆಕ್ಕಕ್ಕೆ ಹಿಡಿದದ್ದರಿಂದಲೇ ನಮ್ಮವರಲ್ಲಿ ಅನೇಕರು ಗೆಡ್ಡೆಗಳನ್ನು ಬಿಡುತ್ತಾರೆ, ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ.

ಬಿಡಿಮುತ್ತು

ಹಾಗಾದರೆ ಹಾಲು? ಕರುವಿನ ಪಾಲನ್ನು ಕಿತ್ತುಕೊಂಡರೆ ಅದು ಹಿಂಸೆಯಲ್ಲವೇ?

ಶ್ರಮಣ

ಇಂದಿನ ಜೈನ ಯುವಕರಲ್ಲಿ ಕೆಲವರು ಇದೇ ಪ್ರಶ್ನೆಯನ್ನು ಕೇಳಿ ಹಾಲನ್ನೂ ಬಿಟ್ಟಿದ್ದಾರೆ. ನಾನಿನ್ನೂ ಬಿಟ್ಟಿಲ್ಲ. ಬಿಡದಿರುವುದಕ್ಕೆ ಶಾಸ್ತ್ರದ ಸಮರ್ಥನೆಯನ್ನು ಕೊಡುವುದೂ ಇಲ್ಲ.

ಪ್ರಶ್ನಾರ್ಥಕ

ಎಲ್ಲರಿಗೂ ಕೃತಜ್ಞತೆಗಳು. ನೀವು ಬರೆದದ್ದನ್ನೆಲ್ಲ ನಿನ್ನೆ ರಾತ್ರಿ ಮಗನಿಗೂ ಅವನ ಅಜ್ಜಿಗೂ ಓದಿ ಹೇಳಿದೆ. ಪಾಪ ಒಬ್ಬರದೇ ಅಲ್ಲ, ಕೈಯಿಂದ ಕೈಗೆ ಬರುತ್ತದೆ ಎಂದು ಕೆಲವು ಗ್ರಂಥಗಳು ಹೇಳುತ್ತವೆ, ಅನುಮತಿಯಿದೆ ಆದರೆ ಜೀವಕ್ಕೆ ಲೆಕ್ಕ ಕೊಡಬೇಕು ಎಂದು ಇನ್ನು ಕೆಲವು ಹೇಳುತ್ತವೆ, ತಿಂದರೆ ಹೋಯಿತು ಎಂದು ಮಾತ್ರ ಯಾವುದೂ ಹೇಳುವುದಿಲ್ಲ ಎಂದೆ. ಅತ್ತೆಯವರು ಕೋಪಿಸಿಕೊಳ್ಳಲಿಲ್ಲ. "ನಮ್ಮ ಅಮ್ಮ ಹೇಳುತ್ತಿದ್ದರು, ನಾನೂ ಹೇಳಿದೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, ತಾವು ಚಿಕ್ಕವರಿದ್ದಾಗ ಸಾಕಿದ್ದ ಹುಂಜವೊಂದನ್ನು ಕುಯ್ದ ದಿನ ಊಟ ಮಾಡದೆ ಮಲಗಿದ್ದಾಗಿ ಹೇಳಿದರು. ಈ ವಿಷಯ ನನಗೂ ಗೊತ್ತಿರಲಿಲ್ಲ, ನನ್ನ ಗಂಡನಿಗೂ ಗೊತ್ತಿರಲಿಲ್ಲ.

ಹಿಟ್ಟಿನ ಕೋಳಿಯ ಕಥೆ ಮಗನ ಮನಸ್ಸಿನಿಂದ ಹೋಗುತ್ತಿಲ್ಲ. "ಅದು ಹಿಟ್ಟಿನದು ಎಂದು ಗೊತ್ತಿದ್ದ ಮೇಲೆ ರಾಜ ಕತ್ತಿಯನ್ನು ಏಕೆ ಎತ್ತಿದ, ಕೈಯಿಂದಲೇ ಮುರಿಯಬಹುದಿತ್ತಲ್ಲ?" ಎಂದು ಬೆಳಿಗ್ಗೆಯೂ ಕೇಳಿದ. ಸದ್ಯಕ್ಕೆ ಅವನು ಮಾಂಸ ತಿನ್ನುತ್ತಿಲ್ಲ, ಯಾರೂ ಒತ್ತಾಯಿಸುತ್ತಲೂ ಇಲ್ಲ. ಮಾಂಸ ಮಾರುವ ಗುರುವಿನ ಕಥೆ ಪೂರ್ತಿಯಾಗಿ ಬೇಕು ಎಂದಿದ್ದಾನೆ, ಈ ಭಾನುವಾರ ಹೇಳುತ್ತೇನೆ.

ಕತ್ತಿ_ಕೆಳಗಿಟ್ಟವ

ಗಮಕಿ ಅವರು ಬರೆದ ಮೇಲೆ ಆ ಕಥೆಯನ್ನು ನಾನೂ ಹುಡುಕಿ ಓದಿದೆ. ಮುದಿ ತಂದೆ ತಾಯಿಯನ್ನು ತೋರಿಸಿ ಇವರೇ ನನ್ನ ದೇವರು ಎಂದು ಅವನು ಹೇಳುವ ಭಾಗವೊಂದಿದೆ. ಹೇಳುವಾಗ ಅದನ್ನು ಬಿಡಬೇಡಿ, ಅಕ್ಕಾ.